ತೋಟೆ ಜೋರಾಗಿದ್ದರೆ ಸಾಲದು, ಹತ್ತಬೇಕು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆಲ್ದೂರು ಕಡೆಯ ಪ್ಲಾಂಟರ್ ಒಬ್ಬರು ಚಿಕ್ಕಮಗಳೂರಿನ ನಮ್ಮ ಕೋವಿ-ತೋಟೆ ಅಂಗಡಿಗೆ ಬಂದರು. ಒಂದು ಚರ್ಮದ ಬೆಲ್ಟನ್ನು ಕೌಂಟರ್ ಮೇಲಿಟ್ಟರು. ಅದರ ಕುಣಿಕೆಗಳಲ್ಲಿ ಸಾಲಾಗಿ .32 ರಿವಾಲ್ವರ್ ತೋಟೆಗಳು. "ಇವು ಹಳೇವಾದ್ವು ಅಣ್ಣ. ಇದಕ್ಕಿಂತ ಜೋರಾಗಿರೋದು ಏನಾದ್ರೂ ಇದ್ರೆ ಕೊಡಿ" ಅಂದರು.

ಒಂದನ್ನು ಎಳೆದೆ. ಸುಲಭಕ್ಕೆ ಬರಲಿಲ್ಲ. ತೋಟೆಯ ಹಿತ್ತಾಳೆ ಕೊಳವೆ, ಅಂದರೆ ಕೇಸಿನ ಸುತ್ತ ಹಸಿರು ಕಿಲುಬು ಉಂಗುರದ ಹಾಗೆ ಕೂತಿತ್ತು. ಉಗುರಿನಿಂದ ಕೆರೆದೆ, ಮೇಣದಂತೆ ಎದ್ದು ಬಂತು. ಅದರಡಿ ಹಿತ್ತಾಳೆ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ತೋಟೆ ತಿರುಗಿಸಿ ಹಿಂಭಾಗ ನೋಡಿದರೆ ಕೇಪಿನ (ಹೊಡೆತ ಬಿದ್ದಾಗ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಸುತ್ತಲೂ ಎಣ್ಣೆ ಜಿಡ್ಡು. "ಮಳೆಗೆ ತುಕ್ಕು ಹಿಡೀಬಾರ್ದು ಅಂತ ನಾನೇ ಚೆನ್ನಾಗಿ ಎಣ್ಣೆ ಹಾಕಿದ್ದೆ" ಅಂದರು.

ಪಾಪ, ಅವರು ಕಾಳಜಿಯಿಂದಲೇ ಮಾಡಿದ್ದು. ಆದರೆ ಹದ ಮಾಡಿದ ಚರ್ಮದಲ್ಲಿ ಆಮ್ಲದ ಅಂಶ ಇರುತ್ತದೆ. ಅದಕ್ಕೆ ನಮ್ಮ ಮಲೆನಾಡಿನ ತೇವ ಸೇರಿದರೆ ಹಿತ್ತಾಳೆಗೆ ಕಿಲುಬು ಬಾರದೇ ಇರುವುದಿಲ್ಲ. ತೆಳು ಎಣ್ಣೆ ಕೇಪಿನ ಅಂಚಿನಿಂದ ಒಳಗಿಳಿದರೆ ಒಳಗಿನ ಮದ್ದು ಕೆಡಬಹುದು. ಆಗ ಟ್ರಿಗರ್ ಎಳೆದರೆ ಬರೀ 'ಟಿಕ್' ಅನ್ನುವ ಸದ್ದು ಅಷ್ಟೇ. ಎಣ್ಣೆ ಹಾಕಬೇಕಾದದ್ದು ಕೋವಿಗೆ, ತೋಟೆಗಲ್ಲ. ಕೋವಿಗೂ ಹಾಕಿ ಒರೆಸಬೇಕು.

ಆತ್ಮರಕ್ಷಣೆಗೆ ಲೈಸೆನ್ಸ್ ತೆಗೆದುಕೊಂಡು ಬರುವವರಲ್ಲಿ ಹತ್ತಕ್ಕೆ ಎಂಟು ಜನ ಕೇಳುವ ಮೊದಲ ಪ್ರಶ್ನೆ 'ಯಾವುದು ಜೋರು' ಎಂಬುದೇ. ನಾನು ಕೇಳುವ ಪ್ರಶ್ನೆ ಬೇರೆ. ನಿಮ್ಮ ಕೋವಿಯಲ್ಲಿ, ನಿಮ್ಮ ಕೈಯಲ್ಲಿ, ಎಳೆದಾಗಲೆಲ್ಲ ತಪ್ಪದೇ ಹತ್ತುವ, ಅಂದರೆ ಸಿಡಿಯುವ ತೋಟೆ ಯಾವುದು?

ನಮ್ಮಲ್ಲಿ ಆಯ್ಕೆ ದೊಡ್ಡದೇನಲ್ಲ. 9 ಎಂಎಂ ಪಿಸ್ತೂಲು ಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಹಾಗಾಗಿ ಜಾಸ್ತಿ ಜನರ ಬಳಿ ಇರುವುದು .32. ಆದರೆ .32 ಅಂದರೆ ಒಂದೇ ತೋಟೆ ಅಲ್ಲ, ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ರಿವಾಲ್ವರಿಗೆ ಬರುವುದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. 1896ರಷ್ಟು ಹಳೆಯದು. ಉದ್ದನೆಯ ಕೇಸು, ಹಿಂದೆ ಅಗಲವಾದ ಅಂಚು, ಸಾಮಾನ್ಯವಾಗಿ 98 ಗ್ರೇನ್ ಅಂದರೆ ಸುಮಾರು 6.3 ಗ್ರಾಂ ತೂಕದ ಸೀಸದ ಗುಂಡು. ಪಿಸ್ತೂಲಿಗೆ ಬರುವುದು .32 ಎಸಿಪಿ. ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು. ಇದಕ್ಕೆ 7.65 ಎಂಎಂ ಅಂತಲೂ ಹೇಳುತ್ತಾರೆ. ಕೇಸು ಗಿಡ್ಡ, ಅಂಚು ಕಿರಿದು, ಗುಂಡು ಸುಮಾರು 4.6 ಗ್ರಾಂ, ಅದಕ್ಕೆ ತಾಮ್ರದ ಹೊದಿಕೆ. ಎರಡರ ಗುಂಡಿನ ದಪ್ಪ ಹೆಚ್ಚೂಕಡಿಮೆ ಒಂದೇ. ಹಾಗಾಗಿ ಪಿಸ್ತೂಲಿನ ತೋಟೆ ಕೆಲವು ರಿವಾಲ್ವರಿನೊಳಗೆ ಹೇಗೋ ಕೂರುತ್ತದೆ. ಕೂತಿತು ಅಂತ ಹೊಡೆಯಬೇಡಿ. ಕೋವಿಯ ಮೇಲೆ ಏನು ಕೊರೆದಿದೆಯೋ ಅದೇ ತೋಟೆ. ಮನೆಯಲ್ಲಿ ಎರಡೂ ಇದ್ದರೆ ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಡಲೇಬೇಡಿ.

ಈಗಿನ ಹುಡುಗರು ಯೂಟ್ಯೂಬ್ ನೋಡಿಕೊಂಡು ಬಂದು ಹಾಲೋ ಪಾಯಿಂಟ್ ಕೇಳುತ್ತಾರೆ. ತುದಿಯಲ್ಲಿ ಗುಳಿ ಇರುವ ಗುಂಡು ಅದು, ಮೈಗೆ ಬಿದ್ದರೆ ಅರಳಿಕೊಳ್ಳುತ್ತದೆ. ಈ ಜಾತಿಯ ಗುಂಡಿಗೆ 'ದಮ್ ದಮ್' ಅನ್ನುವ ಹೆಸರು ಬಂದದ್ದು ಕೋಲ್ಕತ್ತಾ ಹತ್ತಿರದ ದಮ್ ದಮ್ ಕಾರ್ಖಾನೆಯಿಂದ. ಯುದ್ಧದಲ್ಲಿ ಇದನ್ನು ಬಳಸಬಾರದು ಅಂತ 1899ರಲ್ಲಿ ಹೇಗ್‌ನಲ್ಲಿ ಒಪ್ಪಂದವೇ ಆಯಿತು. ಅಮೆರಿಕದಲ್ಲಿ ಪೊಲೀಸರೂ ಜನರೂ ಇದನ್ನು ಒಯ್ಯುತ್ತಾರೆ, ನಿಜ. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಲ್ಲಿನ ಎಫ್‌ಬಿಐ ತೋಟೆಗಳನ್ನು ಮಾಂಸದ ಬದಲಿಗೆ ಬಳಸುವ ಜೆಲಾಟಿನ್ ಮುದ್ದೆಗೆ ಹೊಡೆದು ಪರೀಕ್ಷಿಸುವ ಕ್ರಮ ತಂದಿತು. ಗುಂಡು ಕನಿಷ್ಠ 12 ಇಂಚು ಒಳಹೋಗಬೇಕು, 18 ದಾಟಬಾರದು ಎನ್ನುವುದು ಅವರ ಲೆಕ್ಕ. .32ರಂಥ ಸಣ್ಣ ತೋಟೆಗೆ ಅರಳುವುದಕ್ಕೂ ಒಳಹೋಗುವುದಕ್ಕೂ ಸಾಕಾಗುವಷ್ಟು ಕಸುವು ಇರುವುದಿಲ್ಲ. ಅರಳಿದರೆ ಎಷ್ಟೋ ಸಲ ಆ 12 ಇಂಚು ಮುಟ್ಟುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಗುಳಿ ಗುಂಡಿನ ತೋಟೆ ತುಸು ಗಿಡ್ಡ. ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಸರಿದಾಡಿ, ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಳ್ಳಬಹುದು. ಆಮೇಲೆ ಪಿಸ್ತೂಲು ಅಲ್ಲಾಡುವುದಿಲ್ಲ. ಅದಕ್ಕೇ ಹೇಳುವುದು, .32ಕ್ಕೆ ದುಂಡು ಮೂತಿಯ ಗುಂಡೇ ಸರಿ. ಹಾಲೋ ಪಾಯಿಂಟ್ ಸಿಗಲಿಲ್ಲ ಅಂತ ಬೇಜಾರು ಬೇಡ.

ನಮ್ಮ ಅಂಗಡಿಯ ತೋಟೆಗಳ ಹಿಂಭಾಗದಲ್ಲಿ 'ಕೆಎಫ್' ಅಂತ ಇರುತ್ತದೆ. ಪುಣೆಯ ಖಡ್ಕಿ ಕಾರ್ಖಾನೆಯ ಗುರುತು, 1869ರಲ್ಲಿ ಶುರುವಾದದ್ದು. ಕೊಂಡ ದಿನವೇ ಡಬ್ಬದ ಮೇಲೆ ಪೆನ್ನಿನಿಂದ ತಾರೀಖು ಬರೆದಿಡಿ. ಲಾಟ್ ನಂಬರ್ (ಒಟ್ಟಿಗೆ ತಯಾರಾದ ತೋಟೆಗಳ ಗುರುತು ಸಂಖ್ಯೆ) ನೋಡಿಕೊಳ್ಳಿ. ಆಮೇಲೆ ಮನೆಯಲ್ಲಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ. ಕೇಪು ಕೇಸಿನ ತಳಕ್ಕೆ ಸಮನಾಗಿ ಅಥವಾ ಕೂದಲೆಳೆಯಷ್ಟು ಒಳಗೆ ಇರಬೇಕು. ಮೇಲೆದ್ದಿದ್ದರೆ ರಿವಾಲ್ವರಿನಲ್ಲಿ ತೋಟೆ ತುಂಬುವ ಉರುಳೆ ತಿರುಗುವಾಗ ತಾಗಿ ನಿಲ್ಲುತ್ತದೆ. ಗುಂಡು ಅಲ್ಲಾಡುತ್ತಿದ್ದರೆ, ಕೇಸು ಸೀಳಿದ್ದರೆ ಅದು ಬೇಡ.

ನೋಡಿದ ಮೇಲೆ ಹೊಡೆದು ಪರೀಕ್ಷೆ ಮಾಡಲೇಬೇಕು. ಇಲ್ಲಿ ನಮ್ಮವರು ಹಿಂದೆ ಮುಂದೆ ನೋಡುತ್ತಾರೆ. ತೋಟೆಗೆ ದುಡ್ಡು ಜಾಸ್ತಿ, ವರ್ಷಕ್ಕೆ ಇಷ್ಟೇ ಅಂತ ಲೈಸೆನ್ಸಿನಲ್ಲಿ ಬರೆದಿರುತ್ತದೆ, ಸುಮ್ನೆ ಯಾಕೆ ಹಾಳು ಮಾಡೋದು ಅಲ್ವಾ ಅನ್ನುತ್ತಾರೆ. 50ರ ಡಬ್ಬದಲ್ಲಿ 20 ಅನ್ನು ರೇಂಜಿನಲ್ಲಿ ಹೊಡೆದರೆ ಉಳಿದ 30ರ ಮೇಲೆ ನಿಮಗೆ ನಂಬಿಕೆ ಬರುತ್ತದೆ. ಹೊಡೆಯದೇ ಇಟ್ಟ 50ರ ಮೇಲೆ ಆ ನಂಬಿಕೆ ಎಲ್ಲಿಂದ ಬರಬೇಕು? ತೋಟದಲ್ಲಿ ಮರಕ್ಕೆ ಗುರಿಯಿಟ್ಟು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಗುಡ್ಡದ ಆಚೆ ಕೂಲಿ ಲೈನ್ ಇರುತ್ತದೆ, ಕಾಫಿ ಕೊಯ್ಯುವವರು ಇರುತ್ತಾರೆ.

ರೇಂಜಿನಲ್ಲಿ ಎರಡು ಸದ್ದು ಗುರುತಿಟ್ಟುಕೊಳ್ಳಿ. 'ಟಿಕ್' ಅಂದು ಹತ್ತದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಹತ್ತುವ ತೋಟೆಯೂ ಉಂಟು. ಇನ್ನೊಂದು, ಯಾವಾಗಿನ 'ಢಂ' ಬದಲು 'ಟುಸ್' ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಹಾಗೆ ಉಬ್ಬಿದ ನಳಿಗೆಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಡೆದವರ ಬೆರಳು ಉಳಿದದ್ದು ದೇವರ ದಯೆ.

ಪಿಸ್ತೂಲು ಇಟ್ಟುಕೊಂಡವರಿಗೆ ಒಂದು ಮಾತು. ರಾತ್ರಿ ಖಾಲಿ ಮಾಡಿ, ಬೆಳಿಗ್ಗೆ ಅದೇ ತೋಟೆಯನ್ನು ಮತ್ತೆ ಚೇಂಬರಿಗೆ (ನಳಿಗೆಯ ಹಿಂದೆ ತೋಟೆ ಕೂರುವ ಗೂಡು) ಏರಿಸುವ ರೂಢಿ ಕೆಲವರಿಗೆ ಇದೆ. ಪ್ರತಿ ಸಲವೂ ಗುಂಡಿನ ಮೂತಿ ಲೋಹಕ್ಕೆ ಬಡಿದು ಕೇಸಿನೊಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಒಳಗೆ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ. ಹೊಸ ತೋಟೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡರೆ ತೆಗೆದಿಡಿ. ಒಯ್ಯುವ ತೋಟೆಗಳನ್ನು ವರ್ಷಕ್ಕೊಮ್ಮೆ ಬದಲಿಸಿ. ಕೊಟ್ಟಿಗೆಹಾರ, ಕಳಸದ ಮಳೆಯಲ್ಲಿ ಓಡಾಡುವವರು ಮಳೆಗಾಲ ಮುಗಿದ ಕೂಡಲೇ ಬದಲಿಸಿ. ಉಳಿದವನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಕೊಡುತ್ತೇವಲ್ಲ, ವಾಪಸ್ ಬಂದ ದಿನ ನಳಿಗೆ, ತೋಟೆ ಎರಡನ್ನೂ ನೋಡಿಕೊಂಡೇ ತುಂಬಿಸಿ.

ಸಕಲೇಶಪುರ, ಆಲೂರು ಕಡೆಯಿಂದ ಬರುವವರು ಆನೆಗೆ ಆಗುತ್ತಾ ಅಂತ ಕೇಳುತ್ತಾರೆ. ಖಂಡಿತ ಆಗುವುದಿಲ್ಲ. .32 ಗುಂಡು ಆನೆಯನ್ನು ಕೆರಳಿಸುತ್ತದೆ ಅಷ್ಟೇ. ಕಾನೂನಿನಲ್ಲೂ ಅದು ದೊಡ್ಡ ಅಪರಾಧ.

ಮನುಷ್ಯರ ವಿಷಯದಲ್ಲೂ ಕಾನೂನು ಸ್ಪಷ್ಟ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ ಅಂತ 37ನೇ ಕಲಮಿನಲ್ಲಿದೆ. 2016ರ ಆಯುಧ ನಿಯಮದ ಪ್ರಕಾರ ಹೊರಗೆ ಒಯ್ಯುವಾಗ ಹೋಲ್ಸ್ಟರಿನಲ್ಲಿ, ಪೂರ್ತಿ ಮುಚ್ಚಿಕೊಂಡಿರಬೇಕು. ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಯಲ್ಲಿ ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಆಲ್ದೂರಿನವರಿಗೆ ಹೊಸ ಡಬ್ಬ ಕೊಟ್ಟೆ, ಅವರ ಲೈಸೆನ್ಸಿನಲ್ಲಿ ಬರೆದುಕೊಟ್ಟೆ. ತೋಟೆ ಇಟ್ಟುಕೊಳ್ಳಲು ಚರ್ಮದ ಬದಲು ನೈಲಾನ್ ಚೀಲ ತೆಗೆದುಕೊಂಡರು. ಹೊರಡುವಾಗ ಹಳೆಯವನ್ನು ಕೈಗೆತ್ತಿಕೊಂಡು "ಇವನ್ನ ಬಚ್ಚಲ ಒಲೆಗೆ ಹಾಕಿಬಿಡ್ಲಾ?" ಅಂದರು. ಒಲೆಗೆ ಬೇಡ, ಬಾವಿಗೂ ಬೇಡ, ಕೆರೆಗೂ ಬೇಡ. ಬೆಂಕಿಯಲ್ಲಿ ಸಿಡಿದ ಕೇಸಿನ ಚೂರು ಕಣ್ಣಿಗೆ ಬಿದ್ದರೆ ಮುಗಿಯಿತು. ನಿಮ್ಮ ಹತ್ತಿರವೂ ಹಾಗೆ ಕೆಟ್ಟ ತೋಟೆಗಳಿದ್ದರೆ ಲೈಸೆನ್ಸ್ ಪುಸ್ತಕದ ಜೊತೆ ತೋಟೆ ಕೊಂಡ ಅಂಗಡಿಗೋ ಠಾಣೆಗೋ ತನ್ನಿ. ಲೆಕ್ಕದಲ್ಲಿ ಬರೆಸಿ, ಒಪ್ಪಿಸಿ ಹೋಗಿ.