ಒಂದೇ ಟಿಕ್, ಬೇರೆ ಬೇರೆ ಅಲೆ

ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಬೆಳಗಿನ ಜಾವ, ಬುಟ್ಟಿ ಇಟ್ಟುಕೊಂಡು ಪಟ್ಟಾಂಗದಲ್ಲಿ ತೊಡಗಿದ್ದ ಹೆಂಗಸರ ಪೈಕಿ ಒಬ್ಬರು, ದೋಣಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ, ತಮ್ಮದು ಬಂತೆಂದು ಕೊಂಕಣಿಯಲ್ಲಿ ಹೇಳಿ ಎದ್ದು ನಿಂತರು. ಪಕ್ಕದಲ್ಲಿದ್ದ ನನಗೆ ಕೇಳಿದ್ದು ಎಲ್ಲ ದೋಣಿಗಳದೂ ಒಂದೇ ಬಗೆಯ ಡುಗುಡುಗು ಸದ್ದು. ಗಾಳಿಯಲ್ಲಿ ಬಂದ ಕಂಪನ ಇಬ್ಬರ ಕಿವಿದೆರೆಯನ್ನೂ ಒಂದೇ ರೀತಿಯಲ್ಲಿ ತಟ್ಟಿರಬೇಕು. ಅಲ್ಲಿಂದ ಮುಂದೆ ಎಲ್ಲಿ ಅದು ಎರಡಾಯಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗವನ್ನು ತಲೆಯ ಚರ್ಮಕ್ಕೆ ಅಂಟಿಸಿ ಮಿದುಳಿನ ವಿದ್ಯುತ್ತನ್ನು ಹಿಡಿಯುವ ಇಲೆಕ್ಟ್ರೋಡುಗಳಿಂದ ಓದಬಹುದು.

ಆ ಪರೀಕ್ಷೆ ಹೇಗಿರುತ್ತದೆಂಬುದು ನನಗೆ ಅನುಭವದಿಂದ ಗೊತ್ತು. ಕಿವಿಯಲ್ಲಿ ಗುಂಯ್‌ಗುಡುವಿಕೆ ಶುರುವಾದಾಗ ನಾನೂ ಹೆಂಡತಿಯೂ ಒಂದೇ ದಿನ ತಪಾಸಣೆ ಮಾಡಿಸಿಕೊಂಡೆವು. ಹಣೆ ಮತ್ತು ಕಿವಿಯ ಹಿಂಭಾಗವನ್ನು ಮರಳು ಮರಳಾದ ಲೇಪದಿಂದ ಉಜ್ಜಿ, ಅಲ್ಲಿ ಇಲೆಕ್ಟ್ರೋಡುಗಳನ್ನು ಅಂಟಿಸಿ, ಕಿವಿಗೆ ಸ್ಪಂಜಿನ ಬಿರಡೆ ತುರುಕಿ, ನಿದ್ದೆ ಬಂದರೆ ಇನ್ನೂ ಒಳ್ಳೆಯದು ಎಂದರು. ಆಮೇಲೆ ಸೆಕೆಂಡಿಗೆ ಸುಮಾರು 20ರಂತೆ ಟಿಕ್, ಟಿಕ್, ಟಿಕ್. ಹಲ್ಲು ಕಚ್ಚಿದರೂ ಸಾಕು, ಪರದೆಯ ಮೇಲಿನ ಗೆರೆ ಗಡಗಡ ನಡುಗುತ್ತದೆ, ಏಕೆಂದರೆ ದವಡೆಯ ಸ್ನಾಯುವಿನ ವಿದ್ಯುತ್ತು ಮಿದುಳಿನದಕ್ಕಿಂತ ಬಹಳ ದೊಡ್ಡದು.

ಒಂದು ಟಿಕ್‌ಗೆ ಮಿದುಳುಕಾಂಡ, ಅಂದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗ, ಕೊಡುವ ಉತ್ತರ ಒಂದು ಮೈಕ್ರೊವೋಲ್ಟಿಗಿಂತಲೂ ಕಡಿಮೆ. ಮಿದುಳಿನ ಉಳಿದ ಚಟುವಟಿಕೆಯ ವಿದ್ಯುತ್ತಿನ ಗದ್ದಲ ಹತ್ತಾರು ಮೈಕ್ರೊವೋಲ್ಟು. ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಯಾರೋ ಬೆರಳಿನಿಂದ ಮೇಜು ಕುಟ್ಟಿದಂತೆ. ಆದರೆ ಕುಟ್ಟುವ ಕ್ಷಣ ನಮಗೆ ಮೊದಲೇ ಗೊತ್ತಿದ್ದರೆ, ಆ ಕ್ಷಣದ ಸುತ್ತಲಿನ ತುಣುಕುಗಳನ್ನಷ್ಟೇ ಕತ್ತರಿಸಿ ಸರಾಸರಿ ತೆಗೆಯಬಹುದು. ಗದ್ದಲ ಒಂದೊಂದು ಸಲ ಒಂದೊಂದು ರೀತಿ ಇರುವುದರಿಂದ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 2000 ಟಿಕ್‌ಗಳ ಸರಾಸರಿಯಲ್ಲಿ ಅದು 2000ರ ವರ್ಗಮೂಲದಷ್ಟು, ಅಂದರೆ ಸುಮಾರು 45 ಪಟ್ಟು ತಗ್ಗುತ್ತದೆ. ಆಗ ಮೊದಲ 10 ಮಿಲಿಸೆಕೆಂಡಿನೊಳಗೆ ಪುಟ್ಟ ಪುಟ್ಟ ಶಿಖರಗಳ ಸಾಲೊಂದು ಮೇಲೇಳುತ್ತದೆ. 1971ರಲ್ಲಿ ಸಂಶೋಧಕರಾದ ಜ್ಯುವೆಟ್ ಮತ್ತು ವಿಲಿಸ್ಟನ್ ಇವುಗಳಿಗೆ ರೋಮನ್ ಅಂಕಿಗಳನ್ನು ಕೊಟ್ಟರು. ಮೊದಲನೆಯದು ಶ್ರವಣ ನರದ್ದು, ಐದನೆಯದು ಮಿದುಳುಕಾಂಡದ ಮೇಲ್ಭಾಗದ್ದು. ಸದ್ದು ಮಿದುಳಿನ ಹೊರಪದರವಾದ ತೊಗಟೆಗೆ ತಲುಪಿ ಏಳಿಸುವ ದೊಡ್ಡ ಅಲೆ ಬರುವುದು ಸುಮಾರು 100 ಮಿಲಿಸೆಕೆಂಡಿನ ಹೊತ್ತಿಗೆ.

ನನ್ನ ಗೆರೆಯನ್ನು ಎರಡು ಸಲ ತೆಗೆದರು. ಎರಡೂ ಒಂದರ ಮೇಲೊಂದು ಚೆನ್ನಾಗಿ ಕೂತವು. ಹೆಂಡತಿಯದನ್ನು ಪಕ್ಕದಲ್ಲಿಟ್ಟಾಗ ಆಕೆಯ ಐದನೆಯ ಶಿಖರ ನನ್ನದಕ್ಕಿಂತ ಎತ್ತರವಾಗಿತ್ತು, ತುಸು ಮೊದಲೇ ಬಂದಿತ್ತು. ನನಗೆ ಒಳಗೊಳಗೇ ಸೋತಂತೆ ಅನಿಸಿದ್ದು ನಿಜ. ಆದರೆ ಹೆಂಗಸರಲ್ಲಿ ಈ ಶಿಖರ ಸರಾಸರಿ 0.2 ಮಿಲಿಸೆಕೆಂಡಿನಷ್ಟು ಮೊದಲು ಬರುವುದು, ಎತ್ತರವಾಗಿಯೂ ಇರುವುದು ಹಳೆಯ ಸಂಗತಿಯೇ. ತಲೆಯ ಗಾತ್ರಕ್ಕೂ ಅದರಲ್ಲಿ ಒಂದಿಷ್ಟು ಪಾಲಿದೆ. ತೊಗಟೆಯ ಅಲೆಯ ಕತೆ ಇನ್ನೂ ತೊಡಕಿನದು. ಸದ್ದನ್ನು ಮೊದಲು ಬರಮಾಡಿಕೊಳ್ಳುವ ಹೆಶ್ಲ್ ಮಡಿಕೆ ಕೆಲವರಲ್ಲಿ ಒಂದೇ ಇರುತ್ತದೆ, ಕೆಲವರಲ್ಲಿ ಎರಡು. ಒಬ್ಬರಲ್ಲೇ ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ಇರುವುದೂ ಉಂಟು. ಚರ್ಮದ ಮೇಲಿನ ಇಲೆಕ್ಟ್ರೋಡಿಗೆ ತಲುಪುವ ವಿದ್ಯುತ್ತು ಆ ಮಡಿಕೆ ಯಾವ ಕಡೆಗೆ ವಾಲಿದೆ, ನಡುವಿನ ಬುರುಡೆ ಎಷ್ಟು ದಪ್ಪ ಎಂಬುದನ್ನು ಅವಲಂಬಿಸಿದೆ. ಹೀಗಾಗಿ ಅಲೆ ಚಿಕ್ಕದಾದ ಮಾತ್ರಕ್ಕೆ ಆ ವ್ಯಕ್ತಿಗೆ ಕೇಳುವುದು ಕಡಿಮೆ ಎನ್ನಲಾಗದು. ಶ್ರವಣ ತಜ್ಞರು ಎತ್ತರಕ್ಕಿಂತ ಕಾಲವನ್ನೇ ಹೆಚ್ಚು ನಂಬುತ್ತಾರೆ: ಒಂದನೆಯ ಶಿಖರದಿಂದ ಐದನೆಯದಕ್ಕೆ ಸುಮಾರು 4 ಮಿಲಿಸೆಕೆಂಡು ಹಿಡಿಯಿತೇ, ಎರಡೂ ಕಿವಿಗಳಲ್ಲಿ ಅದು ಸಮವೇ ಎಂದು ನೋಡುತ್ತಾರೆ. ಎಳೆಗೂಸುಗಳಲ್ಲಿ ಈ ಅಂತರ ಹೆಚ್ಚು. ಅದು ದೊಡ್ಡವರ ಮಟ್ಟಕ್ಕೆ ಬರಲು ಎರಡು ವರ್ಷಗಳಷ್ಟು ಬೇಕು.

ಇವೆಲ್ಲ ಹುಟ್ಟಿನಿಂದಲೋ ಬೆಳವಣಿಗೆಯಿಂದಲೋ ಬಂದ ಭೇದಗಳಾದರೆ, ಬದುಕು ಕಲಿಸಿದವು ಬೇರೆಯೇ ಇವೆ. ಫಿನ್ಲೆಂಡಿನ ರಿಸ್ಟೊ ನಾತನೆನ್ 1978ರಲ್ಲಿ ತೋರಿಸಿದ ಪ್ರಕಾರ, ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿರುವಾಗ ನಡುವೆ ಬೇರೊಂದು ನುಸುಳಿದರೆ, ಕೇಳುಗನ ಗಮನ ಇನ್ನೆಲ್ಲೋ ಇದ್ದರೂ ಮಿದುಳು ಒಂದು ಹೆಚ್ಚುವರಿ ಅಲೆಯನ್ನು ಎಬ್ಬಿಸುತ್ತದೆ. 1997ರಲ್ಲಿ ಅವರ ತಂಡ ಎಸ್ಟೋನಿಯನ್ ಭಾಷೆಯಲ್ಲಿದ್ದು ಫಿನ್ನಿಷ್‌ನಲ್ಲಿಲ್ಲದ ಒಂದು ಸ್ವರವನ್ನು ಹೀಗೆ ನುಸುಳಿಸಿದಾಗ, ಎಸ್ಟೋನಿಯನ್ನರಲ್ಲಿ ಅಲೆ ದೊಡ್ಡದಾಗಿ ಎದ್ದಿತು, ಫಿನ್ನರಲ್ಲಿ ಅಷ್ಟಾಗಿ ಏಳಲಿಲ್ಲ. ನಮ್ಮ ಕರಾವಳಿಯಲ್ಲಿ ಇದಕ್ಕೆ ಒಪ್ಪುವ ಜೋಡಿ ಬಲೆ ಮತ್ತು ಬಳೆ. ಲ, ಲ, ಲ ಎಂದು ಬರುತ್ತಿರುವಾಗ ನಡುವೆ ಒಂದು ಳ ಬಂದರೆ ನಮಗೆ ಕಿವಿ ನಿಮಿರುತ್ತದೆ. ಳಕಾರವೇ ಇಲ್ಲದ ಭಾಷೆಯಲ್ಲಿ ಬೆಳೆದವರಿಗೆ ಎರಡೂ ಒಂದೇ ಆಗಿ ಕೇಳಿಸಬಹುದು. ಕಲಿಕೆಯ ಗುರುತು ತೊಗಟೆಯಲ್ಲಿ ಮಾತ್ರವಲ್ಲ, ಕೆಳಗಿನ ಮಿದುಳುಕಾಂಡದಲ್ಲೂ ಸಿಕ್ಕಿದೆ: ಮ್ಯಾಂಡರಿನ್ ಚೀನೀ ಮಾತೃಭಾಷೆಯವರಲ್ಲಿ ಅಲ್ಲಿನ ವಿದ್ಯುತ್ತು ಮಾತಿನ ಏರಿಳಿತವನ್ನು ಇಂಗ್ಲಿಷ್ ಮಾತೃಭಾಷೆಯವರಿಗಿಂತ ನಿಕಟವಾಗಿ ಹಿಂಬಾಲಿಸುವುದು 2005ರಲ್ಲಿ ಕಂಡುಬಂತು. ಸಂಗೀತಗಾರರಲ್ಲೂ ಅದೇ. ಭಾಗವತರ ಶ್ರುತಿಗೆ ಮದ್ದಲೆ ಹೊಂದಿಸುತ್ತ ಆಯುಷ್ಯ ಕಳೆದವರಲ್ಲಿ ಏನು ಕಾಣಬಹುದೆಂದು ನೋಡುವ ಆಸೆ ನನಗಿದೆ. ಆದರೆ ಅಭ್ಯಾಸದಿಂದ ಅಲೆ ಬೆಳೆಯಿತೋ, ಅಂಥ ಅಲೆಯಿದ್ದವರೇ ಮದ್ದಲೆಗೆ ಬಂದರೋ ಎಂಬುದು ಒಂದೇ ಅಳತೆಯಿಂದ ತೀರ್ಮಾನವಾಗುವುದಿಲ್ಲ.

ಮೀನಿನ ಬುಟ್ಟಿಯ ಆ ಹೆಂಗಸಿನ ವಿಷಯದಲ್ಲೂ, ಅವರ ಅಲೆಯನ್ನು ನನ್ನದರ ಪಕ್ಕದಲ್ಲಿಟ್ಟು ಹೋಲಿಸುವುದರಿಂದ ಹೆಚ್ಚೇನೂ ತಿಳಿಯದು. ಕಂಡ ವ್ಯತ್ಯಾಸ ಬುರುಡೆಯದ್ದೇ ಆಗಿರಬಹುದು. ಅವರನ್ನು ಅವರ ಜೊತೆಗೇ ಹೋಲಿಸಬೇಕು: ಪರ ಊರಿನ ದೋಣಿಗಳ ಸದ್ದಿನ ನಡುವೆ ಒಮ್ಮೆ ಮನೆಯ ದೋಣಿಯದನ್ನು, ಇನ್ನೊಮ್ಮೆ ಅಷ್ಟೇ ಅಪರೂಪಕ್ಕೆ ಮತ್ತೊಂದು ಪರ ದೋಣಿಯದನ್ನು ನುಸುಳಿಸಿ, ಎರಡು ಅಲೆಗಳ ವ್ಯತ್ಯಾಸ ತೆಗೆಯಬೇಕು. ಬುರುಡೆ, ಮಡಿಕೆ ಎರಡೂ ಬಾರಿ ಅವರವೇ ಆದ್ದರಿಂದ ಅವುಗಳ ಪ್ರಭಾವ ಬಹುಮಟ್ಟಿಗೆ ಕಳೆದುಹೋಗುತ್ತದೆ. ಇದನ್ನು ಬಂದರಿನಲ್ಲೇ ಮಾಡುವಂತಿಲ್ಲ. ಬೆವರಿಗೆ ಇಲೆಕ್ಟ್ರೋಡಿನ ಗೆರೆ ಜಾರುತ್ತಲೇ ಇರುತ್ತದೆ, ಮತ್ತು ಮೀನು ಬಂದ ಹೊತ್ತಿನಲ್ಲಿ ಅಲ್ಲಿ ಯಾರೂ ಅಲುಗಾಡದೆ ಕೂರುವುದಿಲ್ಲ.