ಹೈಸ್ಕೂಲ್ ಎಂದರೆ ಯಾವ ಹೈಸ್ಕೂಲ್?

ಬ್ರಿಟನ್ನಿನ ಲಿಫ್ಟ್ ಅಮೆರಿಕದಲ್ಲಿ ಎಲಿವೇಟರ್, ಬ್ರಿಟನ್ನಿನ ಫ್ಲ್ಯಾಟ್ ಅಮೆರಿಕದಲ್ಲಿ ಅಪಾರ್ಟ್‌ಮೆಂಟ್. ಇಂಥ ವ್ಯತ್ಯಾಸಗಳು ಊರಿಗೆ ಹೋಗಿ ಇಳಿದ ವಾರದೊಳಗೆ ತಾವಾಗಿಯೇ ರೂಢಿಯಾಗುತ್ತವೆ. ವಿದೇಶದಲ್ಲಿ ಓದಲು ಹೊರಟ ಮಕ್ಕಳ ಅರ್ಜಿಗಳನ್ನು ತಿದ್ದುವ ನನಗೆ ಆತಂಕ ತರುವುದು, ಎರಡೂ ಕಡೆ ಒಂದೇ ರೂಪದಲ್ಲಿದ್ದು ಬೇರೆ ಬೇರೆ ಅರ್ಥ ಕೊಡುವ ಮಾತುಗಳು. ಪರಿಚಿತ ಪದವೆಂದು ಅವುಗಳ ಅರ್ಥವನ್ನು ಯಾರೂ ವಿಚಾರಿಸುವುದಿಲ್ಲ.

ಹೈಸ್ಕೂಲನ್ನೇ ನೋಡಿ. ಕರ್ನಾಟಕದಲ್ಲಿ ಅದು ಎಂಟರಿಂದ ಹತ್ತನೇ ತರಗತಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು. ಅಮೆರಿಕದ ಅರ್ಜಿ ‘ಹೈಸ್ಕೂಲ್ ಮುಗಿಸಿದ ವರ್ಷ’ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿಯ ವರ್ಷ ಬರೆದು, ಪಿಯುಸಿಯನ್ನು ‘ಕಾಲೇಜು’ ಎಂಬ ಖಾನೆಯಲ್ಲಿ ತುಂಬುತ್ತಾರೆ. ಅಲ್ಲಿ ಕಾಲೇಜು ಎಂದರೆ ಪದವಿ ವ್ಯಾಸಂಗ. ಓದುವ ಅಧಿಕಾರಿಗೆ, ಈ ಹುಡುಗಿ ಹತ್ತಕ್ಕೇ ಶಾಲೆ ಬಿಟ್ಟು, ಪದವಿಗೆ ಸೇರಿ, ಎರಡು ವರ್ಷಕ್ಕೆ ಅದನ್ನೂ ಬಿಟ್ಟಂತೆ ಕಾಣುತ್ತದೆ. ಪಿಯು ಎಂದಷ್ಟೇ ಬರೆಯದೆ ‘11 ಮತ್ತು 12ನೇ ತರಗತಿ’ ಎಂದು ಸ್ಪಷ್ಟಪಡಿಸಿ, ಹೈಸ್ಕೂಲಿನ ಖಾನೆಯಲ್ಲೇ ಸೇರಿಸಬೇಕು. ಇಂಗ್ಲೆಂಡಿನಲ್ಲಿ ಈ ತೊಡಕು ಕಡಿಮೆ. ಹದಿನಾರರಿಂದ ಹದಿನೆಂಟರ ವಯಸ್ಸಿನವರು ಓದುವ ಸಿಕ್ಸ್ತ್ ಫಾರ್ಮ್ ಕಾಲೇಜುಗಳು ಅಲ್ಲಿಯೂ ಇವೆ.

ಇಂಗ್ಲೆಂಡಿನ ಗೊಂದಲ ಬೇರೆ, ಅದು ಅಂಕಿಯದು. ನಮ್ಮ ತರಗತಿಯ ಸಂಖ್ಯೆ ಅಮೆರಿಕದ ಗ್ರೇಡಿಗೆ ಸರಿಹೊಂದುತ್ತದೆ. ಇಂಗ್ಲೆಂಡಿನ ‘ಇಯರ್’ ಸಾಮಾನ್ಯವಾಗಿ ಒಂದು ಹೆಚ್ಚು. ನಮ್ಮ ಹತ್ತನೇ ತರಗತಿಯ ವಯಸ್ಸಿಗೆ ಅಲ್ಲಿ ಇಯರ್ 11, ಜಿಸಿಎಸ್‌ಇ ಪರೀಕ್ಷೆಯ ವರ್ಷ. ವರ್ಗವಾಗಿ ಹೋಗುವ ತಂದೆತಾಯಿ ಮಗುವಿಗೆ ಒಂದು ತರಗತಿ ಬಡ್ತಿ ಸಿಕ್ಕಿತೆಂದು ಹಿಗ್ಗುವುದೂ ಬೇಡ, ಪಾಠ ತಪ್ಪಿತೆಂದು ಹೆದರುವುದೂ ಬೇಡ. ಅಲ್ಲಿ ತರಗತಿ ನಿರ್ಧಾರವಾಗುವುದು ಮುಖ್ಯವಾಗಿ ವಯಸ್ಸಿನ ಮೇಲೆ, ಸೆಪ್ಟೆಂಬರ್ 1ರ ಲೆಕ್ಕದಲ್ಲಿ.

‘ಪಬ್ಲಿಕ್ ಸ್ಕೂಲ್’ ಅಮೆರಿಕದಲ್ಲಿ ಸರ್ಕಾರಿ ಶಾಲೆ. ಇಂಗ್ಲೆಂಡಿನಲ್ಲಿ 1440ರಲ್ಲಿ ಸ್ಥಾಪನೆಯಾದ ಈಟನ್‌ನಂಥ, ದುಬಾರಿ ಶುಲ್ಕದ ಖಾಸಗಿ ಶಾಲೆ. ನಮ್ಮ ಪಬ್ಲಿಕ್ ಸ್ಕೂಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ರೂಢಿಯಲ್ಲೇ ಹೆಸರಿಟ್ಟುಕೊಂಡಿವೆ. ಹಾಗಾಗಿ ಅಮೆರಿಕದ ಅರ್ಜಿಯಲ್ಲಿ ‘ಖಾಸಗಿ’ ಎಂಬುದನ್ನು ಗುರುತಿಸಲು ಹಿಂಜರಿಯಬೇಡಿ, ಶಾಲೆಯ ಹೆಸರಿನಲ್ಲಿ ಏನೇ ಇರಲಿ.

ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮಗೆ ಟ್ಯೂಷನ್ ಎಂದರೆ ಸಂಜೆಯ ಮನೆಪಾಠ. ಅಮೆರಿಕದಲ್ಲಿ ಅದು ಬೋಧನಾ ಶುಲ್ಕ. ‘ಟ್ಯೂಷನ್ ವೇವರ್’ ಸಿಕ್ಕಿತೆಂದರೆ ಆ ಶುಲ್ಕದಲ್ಲಿ ವಿನಾಯಿತಿ ಸಿಕ್ಕಿತು ಎಂದಷ್ಟೇ ಅರ್ಥ. ವಸತಿ, ಊಟ, ಆರೋಗ್ಯ ವಿಮೆಯ ಖರ್ಚು ಹಾಗೆಯೇ ಉಳಿದಿರುತ್ತದೆ. ಎಲ್ಲವೂ ಉಚಿತ ಎಂದುಕೊಂಡು ಸಾಲದ ಅರ್ಜಿಯನ್ನೇ ಕೈಬಿಟ್ಟ ಕುಟುಂಬಗಳ ಪೇಚಾಟ ನೋಡಿದ್ದೇನೆ. ಪತ್ರ ಬಂದ ದಿನವೇ ಒಂದೊಂದು ಸಾಲನ್ನೂ ಬಿಡಿಸಿ ಕೇಳಿಕೊಳ್ಳಬೇಕು.

ಅಂಕಗಳಲ್ಲಿಯೂ ಹಾಗೆಯೇ. ಬ್ರಿಟನ್ನಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪ್ರಥಮ ದರ್ಜೆ ಆರಂಭವಾಗುವುದು ಶೇ. 70ರಿಂದ. ಅಲ್ಲಿ 68 ಬಂದಿದೆ ಎಂದು ಮಗ ಫೋನ್ ಮಾಡಿದರೆ ಬೈಯಬೇಡಿ, ಅದು ಒಳ್ಳೆಯ ಅಂಕ.

ಕೊನೆಯದಾಗಿ, ಶಿಫಾರಸು ಪತ್ರ ಬರೆಯುವ ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ‘ಈಕೆ 2023ರಲ್ಲಿ ಪಾಸ್ ಔಟ್ ಆದಳು’ ಎಂಬ ಸಾಲು ನಮ್ಮಲ್ಲಿ ಎಷ್ಟು ಸಹಜವೋ, ಹೊರಗಿನ ಓದುಗರಿಗೆ ಅಷ್ಟೇ ವಿಚಿತ್ರ. ಅದನ್ನು ಅವರು ‘ಪ್ರಜ್ಞೆ ತಪ್ಪಿದಳು’ ಎಂದು ಓದುತ್ತಾರೆ. ‘ಗ್ರ್ಯಾಜುಯೇಟ್ ಆದಳು’ ಎಂದು ಬರೆಯಿರಿ, ಪದವಿಯ ಮಟ್ಟಿಗೆ ಅದು ಎರಡೂ ದೇಶಗಳಲ್ಲಿ ನಡೆಯುತ್ತದೆ. ಪತ್ರದ ಮೇಲಿನ ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ನಮೂದಿಸಿ. 05/08 ಎಂದರೆ ಲಂಡನ್ನಿಗೆ ಆಗಸ್ಟ್ 5, ನ್ಯೂಯಾರ್ಕಿಗೆ ಮೇ 8.