ಪೆಟ್ರೋಲ್ ಟ್ಯಾಂಕಿಗೂ ಗಾಳಿ ಬೇಕು

ಏಪ್ರಿಲ್ ಕೊನೆಯ ಬಿಸಿಲು. ವಿಜಯಪುರದಿಂದ ಬಾಗಲಕೋಟೆಗೆ ಹೊರಟಿದ್ದೆವು. ನಮ್ಮದು ಕಾರ್ಬುರೇಟರ್ ಕಾಲದ ಹಳೆ ವ್ಯಾನು. ಕೊಲ್ಹಾರ ಇನ್ನೇನು ಬಂತು ಅನ್ನುವಾಗ ಗಾಡಿಯ ಎಳೆತ ಕಡಿಮೆಯಾಯಿತು. ಎಕ್ಸಲರೇಟರ್ ಒತ್ತಿದರೆ ಜರ್ಕ್ ಹೊಡೆಯಿತು. ಆಮೇಲೆ ಬಂದ್ ಬಿತ್ತು. ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಪೆಟ್ರೋಲ್ ಇತ್ತು.

ಬಿಸಿಲಿಗೆ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿದೆ, ಅಂದರೆ ವೇಪರ್ ಲಾಕ್ ಆಗಿದೆ ಎಂದುಕೊಂಡೆ. ಬಟ್ಟೆ ನೆನೆಸಿ ಪಂಪಿನ ಮೇಲೆ ಹಾಕಿದೆ. ಬೇವಿನ ಮರದ ನೆರಳಲ್ಲಿ ಕೂತೆವು. ಇಪ್ಪತ್ತು ನಿಮಿಷಕ್ಕೆ ಗಾಡಿ ಶುರುವಾಯಿತು. ಹೀಗೆ ಎರಡು ತಿಂಗಳು ಎಲ್ಲ ಹೆಸರೂ ಹಸಿ ಬಟ್ಟೆಗೇ ಹೋಯಿತು.

ಗ್ಯಾರೇಜಿನಲ್ಲಿ "ಪೆಟ್ರೋಲಿನಾಗ ಕಚರಾ ಬಂದದ್ರಿ" ಎಂದರು. ಫಿಲ್ಟರ್ ಬದಲಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು. ಕೊನೆಗೆ ಪಂಪೂ ಹೊಸದು ಬಂತು. ಗಾಡಿ ಮಾತ್ರ ನಿಲ್ಲುವುದನ್ನು ಬಿಡಲಿಲ್ಲ. ಮುಂಗಾರು ಶುರುವಾಗಿ ಹವೆ ತಂಪಾದ ಮೇಲೂ ಒಂದು ಸಂಜೆ ನಿಂತಿತು. ಬಿಸಿಲೇ ಇಲ್ಲದಾಗ ವೇಪರ್ ಲಾಕ್ ಎಲ್ಲಿಂದ ಬಂತು? ಆವತ್ತು ಮೊದಲ ಸಲ ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದೆ. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಕೀ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಯಿತು.

ನಮ್ಮ ಕಡೆ ಕುಸುಬಿ ಎಣ್ಣೆಯ ಡಬ್ಬಿ ತಂದರೆ ಮನೆಯಲ್ಲಿ ಅದಕ್ಕೆ ಎರಡು ತೂತು ಹೊಡೆಯುತ್ತಾರೆ. ಒಂದೇ ತೂತಾದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಎಣ್ಣೆ ಹೊರಗೆ ಬಂದಷ್ಟೂ ಆ ಜಾಗಕ್ಕೆ ಗಾಳಿ ಹೋಗಬೇಕಲ್ವಾ? ಎರಡನೇ ತೂತು ಅದಕ್ಕೇ. ಪೆಟ್ರೋಲ್ ಟ್ಯಾಂಕಿಗೂ ಇಂಥ ಎರಡನೇ ತೂತು ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಮುಚ್ಚಳದೊಳಗೇ ಒಂದು ಸಣ್ಣ ವಾಲ್ವ್ ಆಗಿರುತ್ತದೆ. ಇನ್ನು ಕೆಲವುಗಳಲ್ಲಿ ಟ್ಯಾಂಕಿನ ತಲೆಯಿಂದ ಹೊರಡುವ ತೆಳ್ಳಗಿನ ರಬ್ಬರ್ ಪೈಪು.

ಅದು ಮುಚ್ಚಿಹೋದರೆ ಏನಾಗುತ್ತದೆ? ಪಂಪು ಪೆಟ್ರೋಲನ್ನು ಎಳೆಯುತ್ತಲೇ ಇರುತ್ತದೆ. ಒಳಗಿನ ಗಾಳಿ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಮಾತ್ರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತಲೇ ಇರುತ್ತದೆ. ಇದನ್ನು ಟೊರಿಚೆಲ್ಲಿ ಎಂಬ ಇಟಲಿಯ ವಿಜ್ಞಾನಿ 1640ರ ದಶಕದಲ್ಲೇ ಪಾದರಸದ ಕೊಳವೆಯಲ್ಲಿ ತೋರಿಸಿದ್ದ. ಟ್ಯಾಂಕಿನ ಒಂದು ಮೈ 50 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದ ಇದೆ ಎಂದುಕೊಳ್ಳಿ. ಒಳಗಿನ ಒತ್ತಡ ನೂರಕ್ಕೆ ಐದರಷ್ಟು ಇಳಿದರೂ ಸಾಕು, ಆ ತೆಳು ತಗಡಿನ ಮೇಲೆ 150 ಕಿಲೋ ಬೀಳುತ್ತದೆ. ಅಂದರೆ 50 ಕಿಲೋದ ಮೂರು ಜೋಳದ ಚೀಲ. ಹಳೆ ಗಾಡಿಗಳ ಟ್ಯಾಂಕು ಯಾರೂ ಮುಟ್ಟದೆಯೇ ಒಳಗೆ ಕುಸಿಯುವುದು ಹೀಗೆ. ಪೆಟ್ರೋಲ್ ಎಳೆಯುವ ಪಂಪಿನ ಪುಟ್ಟ ಪೊರೆ ಟ್ಯಾಂಕಿನೊಳಗಿನ ಈ ಹಿಂದೆಳೆತದ ವಿರುದ್ಧ ಸೆಣಸಿ ಸೋಲುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಿಗುವುದಿಲ್ಲ.

ಹಾಗಾದರೆ ನೆರಳಲ್ಲಿ ಕೂತಾಗ ಅದು ಹೇಗೆ ಸರಿಹೋಗುತ್ತಿತ್ತು? ನನ್ನನ್ನು ಜಾಸ್ತಿ ಕಾಡಿದ್ದು ಇದೇ ಪ್ರಶ್ನೆ. ಉತ್ತರ ಪೆಟ್ರೋಲಿನಲ್ಲೇ ಇದೆ. ಅದು ಬಹಳ ಬೇಗ ಆವಿಯಾಗುವ ದ್ರವ. ಎಂಜಿನ್ ನಿಂತ ಮೇಲೆ ಟ್ಯಾಂಕಿನೊಳಗೆ ನಿಧಾನಕ್ಕೆ ಆವಿ ತುಂಬುತ್ತದೆ. ಪೂರ್ತಿ ಮುಚ್ಚದ ಸಂದಿನಿಂದ ಚೂರುಚೂರು ಗಾಳಿಯೂ ನುಸುಳುತ್ತದೆ. ಇಪ್ಪತ್ತು ನಿಮಿಷದಲ್ಲಿ ಒತ್ತಡ ಮತ್ತೆ ಏರುತ್ತದೆ. ಬಟ್ಟೆ ಹಾಕಿದರೂ ಹಾಕದಿದ್ದರೂ ಗಾಡಿ ಶುರುವಾಗುತ್ತಿತ್ತು. ಕಾಯುವುದರಿಂದ ವೇಪರ್ ಲಾಕೂ ಬಿಡುತ್ತದೆ, ಇದೂ ಬಿಡುತ್ತದೆ. ಹಾಗಾಗಿ ಕಾದು ನೋಡಿದರೆ ಯಾವ ರೋಗ ಎಂದು ಗೊತ್ತಾಗುವುದೇ ಇಲ್ಲ. ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಬೇಕು. ಗಾಳಿ ಒಳಗೆ ಎಳೆದುಕೊಂಡು ಎಂಜಿನ್ ಕೂಡಲೇ ಶುರುವಾದರೆ ತಪ್ಪು ಗಾಳಿದಾರಿಯದ್ದು. ಗಾಳಿ ಹೊರಗೆ ಬಂದರೆ ಅದು ಬಿಸಿಲಿನ ಆವಿ, ಬೇರೆ ಮಾತು. ಹಾಗಾಗಿ ಬೇಸಿಗೆಯಲ್ಲಿ ಮುಚ್ಚಳವನ್ನು ಮೆಲ್ಲಗೆ, ಮುಖ ದೂರ ಇಟ್ಟು ಬಿಚ್ಚಿ. ಹತ್ತಿರ ಬೀಡಿ ಸಿಗರೇಟು ಇರಲೇಬಾರದು.

ಇನ್ನೊಂದು ಗುರುತು ಇದೆ. ಟ್ಯಾಂಕ್ ತುಂಬಿಸಿದ ದಿನ ಗಾಡಿ ಬೇಗ ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಒಂದೆರಡು ಲೀಟರ್ ಹೋದರೂ ಇದ್ದ ಸ್ವಲ್ಪ ಗಾಳಿ ಬಹಳ ಹಿಗ್ಗಬೇಕಾಗುತ್ತದೆ.

ನಾನು ವ್ಯಾನಿನ ಕೆಳಗೆ ತೂರಿ ಆ ರಬ್ಬರ್ ಪೈಪನ್ನು ಹುಡುಕಿದೆ. ಅದರ ತುದಿಯಲ್ಲಿ ಗಟ್ಟಿ ಮಣ್ಣು. ಎರೆಮಣ್ಣಿನ ಕೆಸರು ಸಿಡಿದು ಒಣಗಿದೆ ಎಂದುಕೊಂಡೆ. ತಂತಿಯಿಂದ ಕೆದರಿದಾಗ ಒಳಗೆ ಸಣ್ಣ ಕೋಣೆ, ಕೋಣೆಯಲ್ಲಿ ಒಣಗಿದ ಜೇಡಗಳು! ಕುಂಬಾರ ಹುಳದ ಗೂಡು ಅದು. ಮಣ್ಣಿನ ಗೂಡು ಕಟ್ಟಿ, ಜೇಡವನ್ನು ಚುಚ್ಚಿ ಮಂಕಾಗಿಸಿ ತಂದು ತುಂಬಿ, ಮೊಟ್ಟೆ ಇಟ್ಟು ಬಾಯಿ ಮೆತ್ತುವ ಹುಳ. ಅದಕ್ಕೆ ಬೆರಳಿನ ಗಾತ್ರದ ಕತ್ತಲೆಯ ಕೊಳವೆ ಸಿಕ್ಕರೆ ಸಾಕು. ಎಷ್ಟು ಅಚ್ಚುಕಟ್ಟಾಗಿ ಕಟ್ಟಿತ್ತೆಂದರೆ ಕೆಡವಲು ಮನಸ್ಸಾಗಲಿಲ್ಲ.

ಪೈಪನ್ನು ಟ್ಯಾಂಕಿನಿಂದ ಬಿಡಿಸಿ ಸೈಕಲ್ ಪಂಪಿನಿಂದ ಊದಬೇಕು. ಬಾಯಿಂದ ಬೇಡ, ಪೆಟ್ರೋಲ್ ವಿಷ. ಟ್ಯಾಂಕಿಗೆ ಕಂಪ್ರೆಸರ್ ಗಾಳಿಯನ್ನಂತೂ ಹಿಡಿಯಲೇಬಾರದು. ಪೈಪು ಮಡಚಿದೆಯಾ, ಬಿಸಿಗೆ ಮೆತ್ತಗಾಗಿ ಒಳಗೆ ಅಂಟಿಕೊಂಡಿದೆಯಾ ಎಂದೂ ನೋಡಿ. ಹೊಸ ಮುಚ್ಚಳ ಹಾಕಿದ್ದರೆ ಹಳೆಯದರ ಜೊತೆ ಹೋಲಿಸಿ. ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ವಾಲ್ವ್ ಇಲ್ಲದೆ ಇರಬಹುದು.

ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಮಳೆನೀರು ಒಳಗೆ ಹೋಗುತ್ತದೆ, ಆವಿ ಸದಾ ಹೊರಗೆ ಸೋರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಅದರಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್ ತರುವ ವಸ್ತು. ಈ ಆವಿಯನ್ನು ಹಿಡಿಯಲೆಂದೇ ಈಚಿನ ಪೆಟ್ರೋಲ್ ಗಾಡಿಗಳಲ್ಲಿ ಇದ್ದಿಲಿನ ಡಬ್ಬಿ ಇರುತ್ತದೆ. ವಿಶೇಷವಾಗಿ ಹದ ಮಾಡಿದ ಇದ್ದಿಲು ಅದು. ಅದರ ಒಂದು ಗ್ರಾಮಿನೊಳಗಿನ ಸಣ್ಣ ರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಆವಿ ಅಲ್ಲಿ ಅಂಟಿಕೊಂಡು ಕೂರುತ್ತದೆ, ಎಂಜಿನ್ ಓಡುವಾಗ ಅದರೊಳಗೆ ಹೋಗಿ ಉರಿಯುತ್ತದೆ. ಬಂಕಿನಲ್ಲಿ ನಳಿಗೆ ಟಕ್ ಎಂದು ನಿಂತ ಮೇಲೂ ಇನ್ನಷ್ಟು ಹಾಕಿಸಿದರೆ ದ್ರವವೇ ಆ ಇದ್ದಿಲಿಗೆ ನುಗ್ಗಿ ಡಬ್ಬಿ ಕೆಡುತ್ತದೆ.

ಗಾಳಿದಾರಿಯ ವಿಷಯ ನಮ್ಮ ಊರಿಗೆ ಹೊಸದೇನಲ್ಲ. ವಿಜಯಪುರದಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತ ಆದಿಲ್‌ಶಾಹಿ ಕಾಲದ ಗೋಪುರಗಳಿವೆ, ಗಂಜ್ ಎನ್ನುತ್ತಾರೆ. ಹತ್ತಿರದ ತೊರವಿ ಊರಿನಿಂದ, ಬೇಗಂ ತಲಾಬ್ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿದ್ದ ನೀರು ಈ ಗೋಪುರಗಳಲ್ಲಿ ಮೇಲೇರಿ ತನ್ನ ಒತ್ತಡ ಕಳೆದುಕೊಳ್ಳುತ್ತಿತ್ತು. ಹೂಳೂ ಅಲ್ಲೇ ಕೆಳಗೆ ಕೂರುತ್ತಿತ್ತು. ಇಲ್ಲದಿದ್ದರೆ ಕೊಳವೆ ಒಡೆಯುತ್ತಿತ್ತು. ಮುಚ್ಚಿದ ದಾರಿಯಲ್ಲಿ ಹರಿಯುವ ದ್ರವಕ್ಕೆ ಎಲ್ಲೋ ಒಂದು ಕಡೆ ಆಕಾಶ ಕಾಣಿಸಬೇಕು ಎಂದು ಅವರಿಗೆ ಗೊತ್ತಿತ್ತು.

ಈಗ ಪೈಪಿನ ತುದಿಗೆ ಹಿತ್ತಾಳೆಯ ಸಣ್ಣ ಜಾಲರಿ ಕಟ್ಟಿದ್ದೇನೆ. ಹುಳ ಮತ್ತೆ ಬಂದಿಲ್ಲ. ಆದರೆ ಟ್ಯಾಂಕಿನ ಮೇಲ್ಮೈ ಒಂದು ಕಡೆ ಅಂಗೈ ಅಗಲ ಒಳಗೆ ಕುಸಿದದ್ದು ಹಾಗೇ ಉಳಿದಿದೆ. ಟ್ಯಾಂಕ್ ಖಾಲಿ ಮಾಡಿ, ಕಾಯಿಸಿ ಎತ್ತಿಕೊಡುತ್ತೇವೆ ಎಂದು ಗ್ಯಾರೇಜಿನವರು ಹೇಳಿದರು. ನಾನು ಒಪ್ಪಲಿಲ್ಲ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಪಾಲು ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲೇ ಆ ಹದ ಸುಲಭವಾಗಿ ಕೂಡಿಬರುತ್ತದೆ. ತಗ್ಗು ಇದ್ದರೆ ಇರಲಿ, ಪೆಟ್ರೋಲ್ ಚೂರು ಕಡಿಮೆ ಹಿಡಿಯುತ್ತದೆ ಅಷ್ಟೇ.